ಫೆರಿಯಲ್ಲಿ ನಾಲ್ಕನೆಯವರು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನಂತೂ ಯಾವುದನ್ನೂ ಸುಲಭಕ್ಕೆ ನಂಬುವವಳಲ್ಲ. ಸಾಫ್ಟ್‌ವೇರ್ ಟೆಸ್ಟರ್ ನಾನು. ಅನುಮಾನ ಪಡುವುದಕ್ಕೇ ನನಗೆ ಸಂಬಳ. ಆದರೂ ಇದು ನಿಜವಾಗಿ ನಡೆದದ್ದು, ನನ್ನ ಕೈಯಿಂದಲೇ.

ಕೋವಿಡ್ ಗಲಾಟೆ ತಣ್ಣಗಾದ ಮೇಲಿನ ಥ್ಯಾಂಕ್ಸ್‌ಗಿವಿಂಗ್ ರಜೆ. ನಾವಿರುವ ಷಾರ್ಲೆಟ್‌ನಿಂದ ಒಕ್ರಾಕೋಕ್ ದ್ವೀಪಕ್ಕೆ ಹೊರಟಿದ್ದೆವು: ನಾನು, ಗಂಡ ಸುಧಿ, ಏಳು ವರ್ಷದ ಮಗಳು ಇಹಾ. ಆ ದ್ವೀಪಕ್ಕೆ ಸೇತುವೆ ಇಲ್ಲ. ಕಾರನ್ನೇ ಫೆರಿಗೆ, ಅಂದರೆ ದೊಡ್ಡ ದೋಣಿಗೆ, ಹತ್ತಿಸಬೇಕು.

"ಹ್ಯಾಟರಸ್ ಕಡೆಯಿಂದ ಹೋಗೋಣ ಕಣೇ. ಆ ಫೆರಿ ಒಂದೇ ಗಂಟೆ, ಅದೂ ಫ್ರೀ," ಅಂದ ಸುಧಿ.

ಫ್ರೀ ಅಂದರೇ ನನಗೆ ಅನುಮಾನ. ರಿವ್ಯೂಗಳನ್ನೆಲ್ಲ ಜಾಲಾಡಿ, ಎರಡು ಗಂಟೆಗೂ ಮೀರಿದ ಸೀಡರ್ ಐಲೆಂಡ್ ಫೆರಿಯನ್ನು ಬುಕ್ ಮಾಡಿದೆ. ಆ ದಿನದ ಕೊನೆಯ ಫೆರಿ. ಆರಿಸಿದ್ದು ನಾನೇ, ಯಾರನ್ನು ದೂರಲಿ?

ಹೊರಡುವ ಮುನ್ನ ಊರಿನಿಂದ ಅಮ್ಮ ವಿಡಿಯೊ ಕಾಲ್ ಮಾಡಿದಳು. "ಮೂರು ಜನ ಹೊರಡಬಾರ್ದು ಕಣೇ. ಒಂದು ಕಲ್ಲನ್ನಾದ್ರೂ ಜೊತೆಗೆ ಇಟ್ಕೊಳ್ಳಿ, ನಾಲ್ಕನೇದು ಅಂತ."

ನಾನು ನಕ್ಕೆ. ಸುಧಿ ಮಾತ್ರ ಅಪಾರ್ಟ್‌ಮೆಂಟಿನ ಹೂಗಿಡಗಳ ಬುಡದಿಂದ ನಿಂಬೆಹಣ್ಣಿನ ಗಾತ್ರದ ಕಲ್ಲೊಂದನ್ನು ತಂದು, ಹಿಂದೆ ಇಹಾಳ ಪಕ್ಕದ ಸೀಟಿನಲ್ಲಿಟ್ಟ. "ಅತ್ತೆಗೆ ಸಮಾಧಾನ ಆಗ್ಲಿ ಬಿಡೇ."

ಅರ್ಧ ದಾರಿಯಲ್ಲಿ ಶುರುವಾಯಿತು... ಟಿಂಗ್, ಟಿಂಗ್. ಯಾರೋ ಸೀಟ್ ಬೆಲ್ಟ್ ಹಾಕಿಲ್ಲ ಎಂಬ ಎಚ್ಚರಿಕೆ. ಇಹಾ ಬೆಲ್ಟ್ ಹಾಕಿಕೊಂಡೇ ನಿದ್ದೆಹೋಗಿದ್ದಳು. ದೀಪ ತೋರಿಸುತ್ತಿದ್ದದ್ದು ಅವಳ ಪಕ್ಕದ ಸೀಟನ್ನು. ಅಷ್ಟು ಚಿಕ್ಕ ಕಲ್ಲಿಗಾ? ಸೆನ್ಸರ್ ಕೆಟ್ಟಿದೆ ಅಂದುಕೊಂಡೆ. ಕಾರಿನೊಳಗೆ ಹಸಿಮಣ್ಣಿನ ವಾಸನೆ ಬೇರೆ.

ದಡ ತಲುಪಿದಾಗ ಕತ್ತಲು. ಫೆರಿಯ ಸಿಬ್ಬಂದಿಯೊಬ್ಬ ಟಾರ್ಚಿನ ಬೆಳಕನ್ನು ಹಿಂದಿನ ಕಿಟಕಿಗೆ ಬಿಟ್ಟು, "ಫೋರ್," ಎಂದು ಬರೆದುಕೊಂಡ. ನಾನು ಗಾಜು ಇಳಿಸುವಷ್ಟರಲ್ಲಿ ಇನ್ನೊಂದು ಕಾರಿನ ಹತ್ತಿರ ಹೋಗಿಬಿಟ್ಟಿದ್ದ.

ಫೆರಿ ಹೊರಟಿತು. ಡೀಸೆಲ್ ವಾಸನೆ, ಸುತ್ತ ಕಪ್ಪು ನೀರು. ನಮ್ಮ ಕಾರು ಆಫ್ ಆಗಿತ್ತು. ಆದರೂ... ಟಿಂಗ್, ಟಿಂಗ್.

ನನಗೆ ರೇಗಿಹೋಯಿತು. ಕಲ್ಲನ್ನು ಎತ್ತಿಕೊಂಡೆ. ಬೆಚ್ಚಗಿತ್ತು. ಫೆರಿಯ ಅಂಚಿನ ಕಂಬಿಯ ಹತ್ತಿರ ಹೋಗಿ ನೀರಿಗೆ ಎಸೆದುಬಿಟ್ಟೆ.

ದುಡುಂ ಎಂದಿತು... ಮನುಷ್ಯರೊಬ್ಬರು ಬಿದ್ದಷ್ಟು ಸದ್ದು. ನನ್ನ ಮುಖಕ್ಕೆ ನೀರು ಸಿಡಿಯಿತು.

ಟಾರ್ಚಿನವನು ಓಡಿಬಂದ. "ಯಾರು ಬಿದ್ದದ್ದು?"

"ಕಲ್ಲು... ಬರೀ ಕಲ್ಲು," ಅಂದೆ.

ಅವನು ನಮ್ಮ ಕಾರಿನೊಳಗೆ ಬೆಳಕು ಬಿಟ್ಟ. ಎಣಿಸಿದ. ಮತ್ತೆ ಎಣಿಸಿದ. "ಮಗುವಿನ ಪಕ್ಕದಲ್ಲಿ ಕೂತಿದ್ದ ಹೆಂಗಸು ಎಲ್ಲಿ?"

ಫೆರಿ ನಿಂತಿತು. ದೊಡ್ಡ ದೀಪಗಳು ನೀರನ್ನು ಹುಡುಕತೊಡಗಿದವು. ವೀಸಾದ ಮೇಲೆ ಬದುಕುವವರು ನಾವು. ಯಾರನ್ನೋ ನೀರಿಗೆ ತಳ್ಳಿದಳೆಂದು ನನ್ನನ್ನು ಹಿಡಿದುಕೊಂಡು ಹೋದರೆ ಮಗಳ ಗತಿಯೇನು? ಸುಧಿ ಫೋನ್ ಹಿಡಿದು, ಮೂವರ ಬುಕಿಂಗ್ ತೋರಿಸುತ್ತಿದ್ದ. ಆಮೇಲೆ ನನ್ನ ಹತ್ತಿರ ಬಂದು ಪಿಸುಗುಟ್ಟಿದ.

"ನಿಜ ಹೇಳು... ಕಲ್ಲನ್ನೇ ಎಸೆದ್ಯಾ?"

ಹತ್ತು ವರ್ಷ ಸಂಸಾರ ಮಾಡಿದ ಗಂಡ ಕೇಳಿದ ಪ್ರಶ್ನೆ ಅದು. ಅಳು ಬಂತು.

ನೀರಲ್ಲಿ ಯಾರೂ ಸಿಗಲಿಲ್ಲ. ಬುಕಿಂಗ್‌ನಲ್ಲಿ ಇದ್ದದ್ದೂ ಮೂವರೇ. ಕೊನೆಗೆ ಬಿಟ್ಟರು. ಇಳಿಯುವಾಗ ಟಾರ್ಚಿನವನು ಕಿಟಕಿಗೆ ಬಗ್ಗಿ ಮೆಲ್ಲಗೆ ಹೇಳಿದ: "ನಾನು ನೋಡಿದ್ದೇನೆ. ಆಕೆಯ ಕೈ ನಿಮ್ಮ ಮಗಳ ತಲೆಯ ಮೇಲಿತ್ತು."

ಇಹಾ ಇನ್ನೂ ನಿದ್ದೆಯಲ್ಲಿದ್ದಳು. ಅವಳ ತಲೆ ಸವರಿದೆ. ಕೂದಲ ತುಂಬ ಹಸಿಮಣ್ಣು.

ಬೆಳಿಗ್ಗೆ ಅಮ್ಮನಿಗೆ ಎಲ್ಲ ಹೇಳಿದೆ.

"ಊರು ಮುಟ್ಟಿದ ಮೇಲೆ ಇಳಿಸ್ಬೇಕಿತ್ತು ಕಣೇ. ಜೊತೇಲಿ ಬಂದೋರನ್ನ ನಡುನೀರಲ್ಲಿ ಕೈ ಬಿಡ್ತಾರೇನೇ?"

ವಾಪಸ್ಸು ಬರುವಾಗ ಹ್ಯಾಟರಸ್ ಫೆರಿಯನ್ನೇ ಹಿಡಿದೆವು. ಈ ಸಲ ದ್ವೀಪದಿಂದ ಕಲ್ಲು ಆರಿಸಿಕೊಂಡವಳು ನಾನೇ. ಎಷ್ಟು ಜನ ಎಂದು ಅಲ್ಲಿನ ಸಿಬ್ಬಂದಿ ಕೇಳಿದ. ಸುಧಿ ಬಾಯಿ ತೆರೆಯುವ ಮೊದಲೇ, "ಫೋರ್," ಅಂದೆ. ಅವನು ಹಿಂದಿನ ಸೀಟಿನತ್ತ ಬಗ್ಗಿ ನೋಡಿ, ತಲೆಯಾಡಿಸಿ ಒಳಗೆ ಬಿಟ್ಟ.

ಷಾರ್ಲೆಟ್ ಮುಟ್ಟಿ ಎಷ್ಟೋ ದಿನವಾಯಿತು. ಕಲ್ಲನ್ನು ಇಳಿಸಲು ಇವತ್ತಿಗೂ ನನಗೆ ಧೈರ್ಯ ಬಂದಿಲ್ಲ. ಕಾರಿನಲ್ಲಿ ಇಹಾಳ ಪಕ್ಕದ ಸೀಟಿನಲ್ಲೇ ಇದೆ. ಬೆಲ್ಟ್ ಹಾಕಿದ್ದೇನೆ.