ಜೀನೋಮ್ ಸಭೆಯಲ್ಲಿ ಚೆಲ್ಲಿದ ಚರಗ

ಎರಡು ವರ್ಷದ ಹಿಂದಿನ ಎಳ್ಳ ಅಮಾವಾಸ್ಯೆ. ಜೋಳದ ಜೀನೋಮ್, ಅಂದರೆ ಅದರ ವಂಶವಾಹಿಗಳ ಇಡೀ ಜಾತಕ ಓದಲು ಹಲವು ದೇಶಗಳ ಲ್ಯಾಬುಗಳು ಕೈಜೋಡಿಸಿದ್ದವು. ಎಲ್ಲರೂ ಒಂದೇ ರೀತಿ ಮಾದರಿ ತೆಗೆಯಲು ನಿಯಮ ಗಟ್ಟಿ ಮಾಡುವ ಕೊನೆಯ ಆನ್‌ಲೈನ್ ಸಭೆ ಅಂದೇ ಇತ್ತು. ದಿನ ಗೊತ್ತು ಮಾಡಿದವರಿಗೆ ನಮ್ಮ ಹಬ್ಬ ಏನು ಗೊತ್ತು!

ಹುಮನಾಬಾದಿನವಳಾದ ನಾನು ಆ ಗುಂಪಿನಲ್ಲಿ ತೀರಾ ಕಿರಿಯಳು. ಹೊಲದಿಂದಲೇ ಮಾದರಿ ತೆಗೆದು ತೋರಿಸುವ ಕೆಲಸ ನನಗೆ ಬಂದಾಗ ಕುಣಿದಾಡಿಬಿಟ್ಟಿದ್ದೆ. ಬಸವಕಲ್ಯಾಣದ ಹತ್ತಿರ ನಾರಾಯಣಪುರದಲ್ಲಿ ನನ್ನ ಸೋದರತ್ತೆಯ ಹೊಲವಿದೆ. ಬೇರೆ ಬೀಜ ಬೆರೆಯದಂತೆ ಆಕೆ ಕಾಪಾಡಿಕೊಂಡು ಬಂದ ಬಿಳಿ ಜೋಳ ಈ ಯೋಜನೆಗೆ ಸೇರಬೇಕೆಂಬುದೇ ನನ್ನ ಆಸೆಯಾಗಿತ್ತು.

ಆ ದಿನ ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಕಡುಬು, ಅಂಬಲಿಯನ್ನು ಬೆಳೆಗೆ ಚೆಲ್ಲಿ ಭೂತಾಯಿಗೆ ಉಣಿಸುತ್ತಾರೆ. ಅದೇ ಚರಗ. "ಅತ್ತಿ, ಈ ಒಂದ್ ಗಿಡಕ್ಕ ಚೆಲ್ಲಬ್ಯಾಡ್ರಿ" ಎಂದು ಬೆಳಿಗ್ಗೆಯೇ ಹೇಳಿದ್ದೆ. ಅತ್ತೆ ಗೋಣು ಆಡಿಸಿದ್ದಳು.

ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೈಗವಸು ಹಾಕಿಕೊಂಡು, "ಗಿಡಕ್ಕೆ ಹೊರಗಿನ ಏನೂ ತಾಗಿರಬಾರದು" ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಪಚಕ್ ಎಂದು ಬಿತ್ತು. ಗಿಡದ ಮೇಲೆ ಭಜ್ಜಿ, ನನ್ನ ಮುಖದ ಮೇಲೆ ಅಂಬಲಿ!

"ಅತ್ತಿ, ಏನ್ ಮಾಡಿದ್ರಿ!"

"ಹುಚ್ಚಿ, ಎಲ್ಲಾ ಗಿಡಕ್ಕ ಉಣಿಸಿ ಇದೊಂದಕ್ಕ ಉಪಾಸ ಕೆಡವಲೇನು?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸಭೆ ನಡೆಸುತ್ತಿದ್ದ ಮೇಡಂ ಬಿದ್ದದ್ದು ಏನೆಂದು ನನ್ನಿಂದ ಕೇಳಿಕೊಂಡು, ಬೇಸರದಿಂದಲೇ, "ಭಜ್ಜಿಯ ಕಾಳು, ಸೊಪ್ಪುಗಳ ಡಿಎನ್‌ಎ ಜೋಳದೊಂದಿಗೆ ಬೆರೆಯುತ್ತದೆ. ನಿಯಮದ ಪ್ರಕಾರ ಈ ಹೊಲ ಕೈಬಿಡಬೇಕಾಗುತ್ತದೆ" ಎಂದರು.

ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ. "ಹಾಗಾದರೆ ನಮ್ಮ ಜಿಲ್ಲೆಯನ್ನೇ ಕೈಬಿಡಬೇಕಾಗುತ್ತದೆ. ಇಂದು ಇಲ್ಲಿ ಎಲ್ಲ ಹೊಲಗಳಲ್ಲೂ ಇದೇ ನಡೆಯುತ್ತಿದೆ. ಬುಡದಲ್ಲಿ ಒಡೆದ ಮರಿಸಸಿಯೊಳಗೆ ಇನ್ನೂ ಬಿಚ್ಚದ ಎಳೆ ಎಲೆಯಿದೆ, ಅದನ್ನು ತೊಳೆದು ತೆಗೆಯುತ್ತೇನೆ. ಚರಗವನ್ನೂ ಬೇರೆ ಟ್ಯೂಬಿನಲ್ಲಿ ಕಳಿಸುತ್ತೇನೆ. ಅದರ ಡಿಎನ್‌ಎಯನ್ನೂ ಓದಿದರೆ, ಬೆರೆತದ್ದು ಯಾವುದು ಎಂದು ಗುರುತಿಸಿ ತೆಗೆದುಹಾಕಬಹುದಲ್ಲ?" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ವಾದ ಜೋರಾಯಿತು. ಕೊನೆಗೆ ಮೇಡಂ ನಕ್ಕು, "ಪರೀಕ್ಷಿಸಿ ನೋಡೋಣ, ಎರಡನ್ನೂ ಕಳಿಸಿ" ಎಂದರು. ನಾನು ಟ್ಯೂಬಿಗೆ ಚಿಟಿಕೆ ಭಜ್ಜಿ ಹಾಕುವುದನ್ನು ಕಂಡ ಅತ್ತೆಗೆ ನಾಚಿಕೆಯೇ ಆಯಿತು. "ಇಷ್ಟಽ ಯಾಕ? ಅಷ್ಟ ಮಂದಿಗಿ ಹ್ಯಾಂಗ್ ಸಾಲ್ತದ? ಡಬ್ಬಿ ತುಂಬ ಕಳಸು."

ಕೆಲವು ತಿಂಗಳ ನಂತರ ಸುದ್ದಿ ಬಂತು. ಅತ್ತೆಯ ಜೋಳ ಯೋಜನೆಗೆ ಸೇರಿತ್ತು! ಅಷ್ಟೇ ಅಲ್ಲ, ಗಿಡದ ಮೇಲೆ ಏನು ಬಿದ್ದಿದ್ದರೂ ಅದರ ಮಾದರಿಯನ್ನು ಬೇರೆಯಾಗಿ ಕಳಿಸಬೇಕೆಂಬ ಮಾತು ಎಲ್ಲ ದೇಶಗಳ ನಿಯಮದಲ್ಲೂ ಸೇರಿತ್ತು. ಕೂಡಲೇ ಅತ್ತೆಗೆ ಫೋನ್ ಮಾಡಿದೆ.

"ಅಂದ್ರ ಅವ್ರೂ ಚರಗಾ ಚೆಲ್ಲತಾರೇನು?" ಎಂದಳು.

"ಇಲ್ರಿ ಅತ್ತಿ. ಆದ್ರ ಇನ್ನ ಮ್ಯಾಲೆ ಹೊಲದಾಗ ಏನ್ ಚೆಲ್ಲೀರಿ ಅಂತ ಎಲ್ಲಾರಿಗೂ ಕೇಳ್ತಾರ."

ನಿಯಮವೆಂದರೆ ಎಲ್ಲೋ ಕುಳಿತವರು ಬರೆಯುವುದು, ನಾವು ತಲೆಬಾಗಿ ಪಾಲಿಸುವುದು ಎಂದೇ ತಿಳಿದಿದ್ದೆ. ನಾವೂ ಬರೆಯಬಹುದು ಎಂದು ಕಲಿಸಿದ, ಚರಗ ಚೆಲ್ಲಿದ ಆ ಮಧ್ಯಾಹ್ನ ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.