ಮ್ಯೂಟ್ ಗುಂಡಿಯ ಪುಣ್ಯ

ನಮ್ಮ ಮನೆಯ ಟಿವಿ ರಿಮೋಟಿನಲ್ಲಿ ಮ್ಯೂಟ್ ಗುಂಡಿಯೊಂದೇ ಗುರುತು ಅಳಿಸಿ ನುಣ್ಣಗಾಗಿದೆ. ಆ ಕೀರ್ತಿ ನನ್ನ ಹೆಬ್ಬೆರಳಿನದು. ಜಾಹೀರಾತು ಬಂದೊಡನೆ ಬಾಯಿ ಮುಚ್ಚಿಸುವುದು ನನ್ನ ಹಳೆಯ ಚಾಳಿ, ಮಿತ್ರರೇ.

ಸಿಂಗಾಪುರದ ಸೆಂಗ್‌ಕಾಂಗ್‌ನ ನಮ್ಮ ಮನೆಯ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಏಳು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎಂಬುದು ದೊಡ್ಡಸ್ತಿಕೆಯ ಮಾತು. ನಾನು ಮಾತಾಡುತ್ತಿದ್ದೆ, ಅವರು ಗಡಿಯಾರ ನೋಡುತ್ತಿದ್ದರು. ಮಕ್ಕಳು ಬಾಯೇ ಬಿಡುವುದಿಲ್ಲ, ಈ ತಿಂಗಳಿಗೆ ನಿಲ್ಲಿಸಿಬಿಡೋಣವೆಂದು ಹೆತ್ತವರು ಮೆಲ್ಲಗೆ ಹೇಳಿಯಾಗಿತ್ತು.

ಕೊನೆಯ ತರಗತಿಯಲ್ಲಾದರೂ ನಗಲಿ ಎಂದು ಇಂಟರ್ನೆಟ್ಟಿನಿಂದ ಹಳೆಯ ಅಮೆರಿಕನ್ ಕಾರ್ಟೂನೊಂದನ್ನು ಹಾಕಿದೆ. ಮಹಾಯುದ್ಧ ಮುಗಿದ ಕಾಲದಲ್ಲಿ ಅಲ್ಲಿನ ಕಂಪನಿಗಳು ಕೈಯಿಂದ ಖರ್ಚು ಹಾಕಿ ಮಾಡಿಸಿದ ಇಂಥ ಚಿತ್ರಗಳು ಬೇಕಾದಷ್ಟಿವೆ. ಸ್ವತಂತ್ರ ಉದ್ಯಮವೇ ಸ್ವರ್ಗ, ಸರ್ಕಾರ ಕೈಯಿಟ್ಟರೆ ಸರ್ವನಾಶ ಎಂಬ ಉಪದೇಶಕ್ಕೆ ಸಕ್ಕರೆ ಸವರಿ ಕೊಟ್ಟಂಥವು. ಇದರಲ್ಲೊಬ್ಬ ಬೂಟು ಹೊಲಿಯುವವನು ಯಂತ್ರ ಕಂಡುಹಿಡಿದು ಊರನ್ನೇ ಉದ್ಧರಿಸುತ್ತಾನೆ; ಅಷ್ಟರಲ್ಲಿ ಸರ್ಕಾರಿ ಅಧಿಕಾರಿ ಬಂದು ಅಂಗಡಿಗೆ ಬೀಗ ಜಡಿದು, ಅಳುತ್ತ ನಿಂತ ಅವನ ಮೂಗಿನ ಮುಂದೆ ಕೀಯನ್ನು ಆಡಿಸುತ್ತಾನೆ. ಮುಕ್ಕಾಲುಪಾಲು ಭಾಷಣವೇ. ಹೆಬ್ಬೆರಳು ತಡೆಯಲಿಲ್ಲ, ಮ್ಯೂಟ್ ಒತ್ತಿತು. ಮಾತು ನೀವೇ ಹಾಕಿ, ಆದರೆ ಕನ್ನಡದಲ್ಲಿ ಎಂದೆ.

ಆರು ತಿಂಗಳಿಂದ ತುಟಿ ಎರಡು ಮಾಡದ ಎಂಟು ವರ್ಷದ ಅನನ್ಯಾ ಆ ಅಧಿಕಾರಿಯ ದನಿಯಾದಳು.

“ಅಂಕಲ್, ಯಾಕೆ ಅಳ್ತಿದ್ದೀರಾ? ನಿಮ್ಮ ಹೊಸ ಮನೆ ರೆಡಿ ಆಯ್ತು. ಕೀ ತಗೊಳ್ಳಿ ಲಾ.”

ಆ ‘ಲಾ’ ಇಲ್ಲಿನವರ ಮಾತಿನ ಬಾಲ. ಹಿಂದಿನ ವರ್ಷವಷ್ಟೇ ಅವಳ ಅಪ್ಪ ಅಮ್ಮ ಇಲ್ಲಿ ಮನೆ ಕಟ್ಟಿ ಮಾರುವ ಸರ್ಕಾರಿ ಕಚೇರಿಯಲ್ಲಿ ಹೊಸ ಫ್ಲ್ಯಾಟಿನ ಕೀ ಪಡೆದಾಗ ಅವಳೂ ಜೊತೆಗಿದ್ದಳು. ಸರ್ಕಾರದವರ ಕೈಯಲ್ಲಿ ಕೀ ಕಂಡರೆ ಅವಳ ಪಾಲಿಗೆ ಅದು ಗೃಹಪ್ರವೇಶ! ಹೆದರಿಸಲೆಂದು ಅಷ್ಟು ಕಷ್ಟಪಟ್ಟು ಬರೆದ ಖಳನಾಯಕನನ್ನು ಈ ಪೋರಿ ಒಂದೇ ಮಾತಿಗೆ ನೆಂಟನನ್ನಾಗಿ ಮಾಡಿಬಿಟ್ಟಳು. ಅಲ್ಲಲ್ಲ, ಅದು ವಿಲನ್ ಎಂದು ಒಬ್ಬ ಹುಡುಗ ಕನ್ನಡದಲ್ಲೇ ಜಗಳಕ್ಕೆ ನಿಂತ. ಯಂತ್ರಕ್ಕೂ ದನಿ ಕೊಡಲು ಇಬ್ಬರು ಕಿತ್ತಾಡಿದರು. ಸ್ಪರ್ಧೆಯಿಂದಲೇ ಸಮೃದ್ಧಿ ಎಂದ ಆ ಕಂಪನಿಯವರ ಮಾತೂ ಪೂರ್ತಿ ಸುಳ್ಳಲ್ಲ ಬಿಡಿ.

ಮಗಳನ್ನು ಕರೆದೊಯ್ಯಲು ಬಂದ ಅನನ್ಯಾಳ ಅಪ್ಪ ಬಾಗಿಲಲ್ಲೇ ಮೈಮರೆತು ನಿಂತಿದ್ದರು. ತರಗತಿ ನಿಲ್ಲಿಸುವ ಮಾತು ಮೊದಲು ತೆಗೆದವರೇ ಅವರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಕೇಳಿದ್ದು ಒಂದೇ ಪ್ರಶ್ನೆ: ಮುಂದಿನ ವಾರವೂ ಇದೇ ಟೈಮಿಗಾ? ನನ್ನ ಕಣ್ಣು ತುಂಬಿತು.

ಗುಂಡಿ ಈಗ ಇನ್ನಷ್ಟು ಸವೆದಿದೆ. ಭಾನುವಾರ ಅದನ್ನು ಒತ್ತಿದರೆ ಸಾಕು, ನಮ್ಮ ಮನೆಯಲ್ಲಿ ಗದ್ದಲ ಶುರುವಾಗುತ್ತದೆ.