ಬೊಂಡಾಸಿನ ವಂಶ ಕೇಳುವ ಮೆರ್ಲಿನ್ ಬಾಯಿ

ಮೀನು ಸಂಶೋಧನಾ ಕೇಂದ್ರದ ಮೆರ್ಲಿನ್ ಬಾಯಿ ಬೆಳಿಗ್ಗೆ ಮೀನು ದೋಣಿಗಳು ಬಂದು ನಿಲ್ಲುವ ಧಕ್ಕೆಗೆ ಬಂದರೆಂದರೆ ಸ್ಕ್ವಿಡ್‌ಗಳಿಗೆ, ಅಂದರೆ ನಮ್ಮ ಬೊಂಡಾಸುಗಳಿಗೆ, ಹೆಣ್ಣು ನೋಡಲು ಬಂದವರ ಗತ್ತಿನಲ್ಲಿ ವಿಚಾರಣೆ ಶುರು: ಯಾವ ಕಡೆಯವು, ಯಾರ ಪೈಕಿ? ಉತ್ತರ ಬರುವಷ್ಟರಲ್ಲಿ ಒಂದೊಂದರ ಚೂರು ವಂಶ ಪರೀಕ್ಷೆಗೆಂದು ಸ್ಪಿರಿಟ್ ಬಾಟಲಿಗೆ ಇಳಿದಿರುತ್ತದೆ. "ಬೊಂಡಾಸಿಗೆ ಎಂತ ಪೈಕಿ ಬಾಯಮ್ಮ, ಮಸಾಲೆಗೆ ಬಿದ್ದರೆ ಎಲ್ಲ ಒಂದೇ" ಎಂದು ವ್ಯಾಪಾರಿ ನೂರ್ ಮುಹಮ್ಮದ್ ನಗುತ್ತಾರೆ. "ನಮ್ಮ ಕಡಲಿನದ್ದರ ವಂಶವೇ ಬೇರೆಯಾದ್ರೆ, ನೀವು ಇಲ್ಲಿ ಬಾಚಿ ಮುಗಿಸಿದ ಮೇಲೆ ಕೇರಳದ್ದು ಬಂದು ತುಂಬಿಸ್ತದಾ? ಆಗ ಇಲ್ಲಿ ಎಷ್ಟು ಹಿಡಿಬಹುದು ಅಂತ ಬೇರೆಯೇ ಲೆಕ್ಕ ಬೇಕು" ಎಂದು ಮೆರ್ಲಿನ್ ಬಾಯಿಯ ಪಾಠ. ಬೆಂದದ್ದು ಡಿಎನ್‌ಎ ಪರೀಕ್ಷೆಗೆ ಆಗಿಬರುವುದಿಲ್ಲವೆಂದು ಗೊತ್ತಿದ್ದೂ, ಮದುವೆಯೂಟದಲ್ಲಿ ಬೊಂಡಾಸಿನ ಚಿಲ್ಲಿಯ ಚೂರನ್ನು ಬೆಳಕಿಗೆ ಹಿಡಿದು ಮೂಲ ಊಹಿಸುತ್ತಾರೆ. ಗಂಡ ಡೆನಿಸ್ ಆಗ ಪರಿಚಯವೇ ಇಲ್ಲದವರಂತೆ ಐಸ್‌ಕ್ರೀಮಿನ ಕಡೆ ನಡೆಯುತ್ತಾರೆ. ಮೊನ್ನೆ ಮಗ ರೂಬನ್ ದೇರೆಬೈಲಿನ ಮನೆಗೆ ಒಬ್ಬ ಹುಡುಗಿಯನ್ನು ಕರೆತಂದ. ಯಾವ ಊರು, ಯಾವ ಇಗರ್ಜಿ, ಯಾರ ಪೈಕಿ ಎಂದು ನೆಂಟರೆಲ್ಲ ಮುಗಿಬಿದ್ದಾಗ ಅವಳು ತಲೆ ತಗ್ಗಿಸಿದಳು. ಮೆರ್ಲಿನ್ ಬಾಯಿ ಅವಳ ಬಟ್ಟಲಿಗೆ ಬೊಂಡಾಸಿನ ಸುಕ್ಕ ಬಡಿಸಿ, "ಖಾರ ಆಗ್ತದಾ ಮಗಾ?" ಎಂದಷ್ಟೇ ಕೇಳಿದರು.